ಆಳವೂ ಒಂದು ಆಸ್ತಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಉಂಡೆ ಕೊಬ್ಬರಿಯ ಸಂಗತಿಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಏರಿಸುತ್ತೇವೆ. ಅಲ್ಲಿ ಅದು ಎಂಟು ತಿಂಗಳೋ, ಹತ್ತು ತಿಂಗಳೋ, ಒಂದು ವರ್ಷವೋ ಸುಮ್ಮನೆ ಕುಳಿತಿರುತ್ತದೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಇದೆಲ್ಲವೂ ನಡೆಯುವುದು ಸಿಪ್ಪೆ ಚಿಪ್ಪುಗಳ ಮರೆಯಲ್ಲಿ, ಕತ್ತಲೆಯಲ್ಲಿ. ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ಅನುಭವಿಯಾದ ರೈತ ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಒಳಗಿನ ಸದ್ದನ್ನು ಕೇಳಿ, ಇದು ಆಯಿತು, ಇದು ಇನ್ನೂ ಆಗಬೇಕು ಎಂದು ತೀರ್ಪು ಕೊಡುತ್ತಾನೆ. ಆ ತೀರ್ಪು ತಪ್ಪುವುದು ಅಪರೂಪ.

ಕಾಣದ ವಸ್ತುವನ್ನು ಅದರ ಸದ್ದಿನಿಂದ ಅರಿಯುವ ಈ ವಿದ್ಯೆಯೂ, ಅವಸರಪಡದೆ ಕಾಯುವ ಈ ತಾಳ್ಮೆಯೂ ಈ ಕಾಲದ ಭೌತವಿಜ್ಞಾನದ ಒಂದು ದೊಡ್ಡ ಸಾಹಸಕ್ಕೆ ಆಧಾರವಾಗಿವೆಯೆಂದರೆ ವಾಚಕರು ಆಶ್ಚರ್ಯಪಡಬಹುದು. ಆ ಸಾಹಸ ನ್ಯೂಟ್ರಿನೋ ಎಂಬ ಕಣದ ಶೋಧನೆ. ಅದರ ಒಂದು ಮುಖ್ಯ ಅಧ್ಯಾಯ ನಡೆದುದು ದೂರದ ದೇಶದಲ್ಲಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ತಳದಲ್ಲಿ.

ಈಚೆಗೆ ನಮ್ಮ ನೆರೆಮನೆಯ ಹಿರಿಯರೊಬ್ಬರಿಗೆ ಈ ಕಥೆಯನ್ನು ಹೇಳುತ್ತಿದ್ದೆ. ಅವರು ಅಟ್ಟದಿಂದ ಕಾಯಿ ಇಳಿಸುತ್ತಲೇ ಕೇಳಿದರು. ಕೊನೆಗೆ, “ಅಲ್ಲ ಮೇಷ್ಟ್ರೇ, ಯಾವುದಕ್ಕೂ ತಗುಲದ, ಯಾರ ಕಣ್ಣಿಗೂ ಬೀಳದ ಆ ಕಣವನ್ನು ಹಿಡಿದು ಏನು ಮಾಡುತ್ತಾರೆ? ಅದಕ್ಕಾಗಿ ಅಷ್ಟು ಆಳಕ್ಕೆ ಹೋಗಬೇಕೇ?” ಎಂದರು. ಪ್ರಶ್ನೆ ನ್ಯಾಯವಾದುದು. ಸಾವಿರ ಅಡಿ ಕೊಳವೆಬಾವಿ ಕೊರೆಸಿಯೂ ನೀರು ಕಾಣದೆ ನೊಂದವರು ಆಳದ ಬೆಲೆಯನ್ನು ಬಲ್ಲರು. ಅವರ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನವೇ ಈ ಲೇಖನ. ಉತ್ತರದ ಜೊತೆಗೆ ಒಂದು ದೂರೂ ಇದೆ. ಅದು ನಮ್ಮೆಲ್ಲರ ಮೇಲೆ.

*

ಮೊದಲು ಕಣದ ವಿಚಾರ. ಕೆಲವು ಪರಮಾಣು ಬೀಜಗಳು ತಾವಾಗಿಯೇ ಒಡೆದು ಎಲೆಕ್ಟ್ರಾನನ್ನು ಹೊರಚೆಲ್ಲುತ್ತವೆ. ಹೀಗೆ ಹೊರಬಿದ್ದ ಶಕ್ತಿಯ ಲೆಕ್ಕ ಹಾಕಿದಾಗ ಪ್ರತಿ ಸಲವೂ ಒಂದಿಷ್ಟು ಕಡಿಮೆ ಬರುತ್ತಿತ್ತು. ಶಕ್ತಿ ನಾಶವಾಗುವುದಿಲ್ಲ ಎಂಬ ನಿಯಮವೇ ಸುಳ್ಳೇನೋ ಎಂದು ದೊಡ್ಡ ವಿಜ್ಞಾನಿಗಳೂ ಅನುಮಾನಿಸತೊಡಗಿದರು. 1930ರ ಡಿಸೆಂಬರಿನಲ್ಲಿ ವುಲ್ಫ್‌ಗಾಂಗ್ ಪೌಲಿ ಎಂಬ ವಿಜ್ಞಾನಿ, ಲೆಕ್ಕ ತಪ್ಪಿಲ್ಲ, ವಿದ್ಯುದಾವೇಶವಿಲ್ಲದ ಒಂದು ಹಗುರವಾದ ಕಣ ನಮ್ಮ ಕಣ್ಣು ತಪ್ಪಿಸಿ ಆ ಶಕ್ತಿಯನ್ನು ಹೊತ್ತೊಯ್ಯುತ್ತಿದೆ ಎಂದು ಸೂಚಿಸಿದರು. ಸಂತೆಯ ಲೆಕ್ಕದಲ್ಲಿ ದುಡ್ಡು ಕಡಿಮೆ ಬಿದ್ದರೆ ಯಾರೋ ತೆಗೆದಿರಬೇಕೆಂದು ಊಹಿಸುವಂತೆಯೇ ಇದು. ಆ ಕಣಕ್ಕೆ ನ್ಯೂಟ್ರಿನೋ ಎಂಬ ಹೆಸರು ರೂಢಿಗೆ ಬಂದುದು ಎನ್ರಿಕೋ ಫರ್ಮಿಯವರಿಂದ. ಊಹೆಯ ಕಣ ಪ್ರಯೋಗದಲ್ಲಿ ಸಿಕ್ಕಲು 26 ವರ್ಷ ಹಿಡಿಯಿತು. 1956ರಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಎಂಬಿಬ್ಬರು ಪರಮಾಣು ಸ್ಥಾವರವೊಂದರ ಪಕ್ಕದಲ್ಲಿ ಉಪಕರಣವಿಟ್ಟು ಅದರ ಗುರುತನ್ನು ಹಿಡಿದರು.

ಇಷ್ಟು ತಡವಾದುದೇಕೆ? ನ್ಯೂಟ್ರಿನೋಗಳು ವಿರಳವೆಂದಲ್ಲ. ಸೂರ್ಯನ ಗರ್ಭದಲ್ಲಿ ಹುಟ್ಟಿದ ನ್ಯೂಟ್ರಿನೋಗಳೇ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿಯಷ್ಟು ಹಾದುಹೋಗುತ್ತಿವೆ. ಹಗಲಿನಲ್ಲಿ ತಲೆಯ ಮೇಲಿಂದ ಬಂದರೆ ರಾತ್ರಿಯಲ್ಲಿ ಭೂಮಿಯನ್ನೇ ತೂರಿಕೊಂಡು ಕಾಲಡಿಯಿಂದ ಬರುತ್ತವೆ. ಅವು ಯಾವುದಕ್ಕೂ ತಗುಲುವುದಿಲ್ಲವೆಂಬುದೇ ತೊಡಕು. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರದಷ್ಟು ದಪ್ಪವಾದ ಸೀಸದ ಗೋಡೆಯನ್ನು ಕಟ್ಟಿದರೂ ಇವುಗಳಲ್ಲಿ ಹಲವು ಆಚೆಗೆ ಹೊರಬೀಳಬಲ್ಲವು.

ದೂರದ ಸೂರ್ಯನ ಮಾತೇಕೆ, ನಮ್ಮ ತೋಟದ ಎಳನೀರನ್ನೇ ತೆಗೆದುಕೊಳ್ಳೋಣ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ; ತೆಂಗಿಗೆ ಪೊಟ್ಯಾಷ್ ಗೊಬ್ಬರ ಬೇಕೆಂದು ಕೃಷಿ ಇಲಾಖೆಯವರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಪ್ರಕೃತಿಯಲ್ಲಿರುವ ಪೊಟ್ಯಾಸಿಯಂ ಪರಮಾಣುಗಳಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಜಾತಿಯವು. ಅವುಗಳ ಅರ್ಧಾಯುಷ್ಯ 125 ಕೋಟಿ ವರ್ಷ. ಒಂದು ಬುರುಡೆಯಲ್ಲಿ 300 ಮಿಲಿಲೀಟರ್ ನೀರಿದೆಯೆಂದು ಹಿಡಿದರೆ ಅದರಲ್ಲಿ ಪೊಟ್ಯಾಸಿಯಂ ಮುಕ್ಕಾಲು ಗ್ರಾಮಿನ ಆಸುಪಾಸು. ಲೆಕ್ಕ ಹಾಕಿದರೆ ಅದರಲ್ಲಿ ಸೆಕೆಂಡಿಗೆ ಸುಮಾರು ಇಪ್ಪತ್ತು ಬೀಜಗಳು ಒಡೆಯುತ್ತವೆ. ಒಂದೊಂದು ಒಡೆದಾಗಲೂ ಒಂದು ನ್ಯೂಟ್ರಿನೋ ಅಥವಾ ಅದರ ಪ್ರತಿಕಣ ಹೊರಡುತ್ತದೆ. ಇದರಿಂದ ಕುಡಿಯುವವರಿಗೆ ಯಾವ ಬಾಧಕವೂ ಇಲ್ಲ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂ ಕೂಡ ಸದಾ ಇದೇ ಕೆಲಸವನ್ನು ಮಾಡುತ್ತಿದೆ. ಎಳನೀರು ಕೊಚ್ಚಿ ಕೈಗೆ ಕೊಟ್ಟು ಕುಡಿದು ಮುಗಿಸುವಷ್ಟರಲ್ಲಿ ಅದರಿಂದ ಹೊರಟ ನೂರಾರು ನ್ಯೂಟ್ರಿನೋಗಳು ಚಂದ್ರನನ್ನು ದಾಟುವಷ್ಟು ದೂರ ಹೋಗಿರುತ್ತವೆ. ನ್ಯೂಟ್ರಿನೋ ಎಂದರೆ ಯಾವುದೋ ಭಯಂಕರ ವಸ್ತುವೆಂದು ಹೆದರುವವರು ಈ ಮಾತನ್ನು ನೆನಪಿನಲ್ಲಿಡಬೇಕು.

*

ಇನ್ನು ಆಳದ ವಿಚಾರ. ಹೊರ ಆಕಾಶದಿಂದ ಬರುವ ವಿಶ್ವಕಿರಣಗಳು ಮೇಲಿನ ಗಾಳಿಯನ್ನು ಬಡಿದಾಗ ನಾನಾ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಮ್ಯೂಆನ್ ಎಂಬವು ನೆಲದವರೆಗೂ ಬಂದು, ನಮ್ಮ ಅಂಗೈಯಷ್ಟು ಜಾಗದ ಮೇಲೆ ಸೆಕೆಂಡಿಗೆ ಒಂದರಂತೆ ಸುರಿಯುತ್ತಿರುತ್ತವೆ. ಈ ಮಳೆಯ ನಡುವೆ ಎಲ್ಲೋ ಒಮ್ಮೆ ಬಂಡೆಗೆ ತಗುಲುವ ನ್ಯೂಟ್ರಿನೋವನ್ನು ಗುರುತಿಸುವುದೆಂದರೆ, ಕೊಬ್ಬರಿ ಹರಾಜಿನ ಗದ್ದಲದ ನಡುವೆ ನಿಂತು ಒಂದು ಕಾಯನ್ನು ಅಲುಗಾಡಿಸಿ ಕೇಳುವಂತೆ. ಸದ್ದು ಕೇಳಬೇಕಾದರೆ ಗದ್ದಲದಿಂದ ದೂರ ಹೋಗಬೇಕು. ಮ್ಯೂಆನುಗಳ ಗದ್ದಲದಿಂದ ಪಾರಾಗುವ ದಾರಿ ಒಂದೇ: ನೆಲದ ಆಳಕ್ಕೆ ಇಳಿಯುವುದು. ಎರಡು ಕಿಲೋಮೀಟರಿನಷ್ಟು ಬಂಡೆ ತಲೆಯ ಮೇಲಿದ್ದರೆ ಮ್ಯೂಆನುಗಳು ಕೋಟಿಗೊಂದರಷ್ಟೂ ಕೆಳಕ್ಕೆ ಬರಲಾರವು. ನ್ಯೂಟ್ರಿನೋಗಳಿಗಾದರೋ ಬಂಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅಂಥ ಆಳ ನಮ್ಮ ನಾಡಿನಲ್ಲಿ ಆಗಲೇ ಸಿದ್ಧವಾಗಿತ್ತು. 1880ರಿಂದ ಬ್ರಿಟಿಷ್ ಕಂಪನಿಗಳು ಕೋಲಾರದಲ್ಲಿ ಚಿನ್ನಕ್ಕಾಗಿ ಅಗೆಯುತ್ತ ಹೋಗಿ, ಚಾಂಪಿಯನ್ ರೀಫ್ ಗಣಿಯನ್ನು ಮೂರು ಕಿಲೋಮೀಟರಿಗಿಂತ ಕೆಳಕ್ಕೆ ಇಳಿಸಿದ್ದವು. ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಅದೊಂದು. ಈ ಆಳ ಬಿಟ್ಟಿಯಾಗಿ ಬಂದುದಲ್ಲ. ತಮಿಳು ತೆಲುಗು ಸೀಮೆಗಳಿಂದ ಬಂದ ಬಡ ಕೂಲಿಗಾರರು, ಮುಟ್ಟಿದರೆ ಸುಡುವ ಬಂಡೆಯ ನಡುವೆ ದುಡಿದು, ಬಂಡೆಸಿಡಿತಗಳಲ್ಲಿ ಪ್ರಾಣ ತೆತ್ತು, ಕಲ್ಲಿನ ಧೂಳಿನಿಂದ ಶ್ವಾಸಕೋಶವನ್ನು ಕಳೆದುಕೊಂಡು ಕೊರೆದ ಆಳ ಅದು. ಚಿನ್ನ ಹೊರಗೆ ಹೋಯಿತು; ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು. ಕೂಲಿಗಾರರು ನಾಡಿಗೆ ಬಿಟ್ಟುಕೊಟ್ಟುದು ಆ ಆಳವನ್ನು.

ಈ ಆಳದ ಬೆಲೆಯನ್ನು ಗುರುತಿಸಿದವರು ಹೋಮಿ ಭಾಭಾ. ಅವರು ವಿಶ್ವಕಿರಣಗಳ ಅಭ್ಯಾಸವನ್ನು ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ನಡೆಸುತ್ತಿದ್ದವರು. ಅವರು ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಹುಟ್ಟಿದುದೂ ಅದೇ ಆವರಣದಲ್ಲಿ, ಬಳಿಕ ಮುಂಬಯಿಗೆ ಹೋಯಿತು. 1951ರಲ್ಲಿ ಭಾಭಾ ಅವರ ಸೂಚನೆಯಂತೆ ಬಿ. ವಿ. ಶ್ರೀಕಂಠನ್ ಎಂಬ ತರುಣ ವಿಜ್ಞಾನಿ ಕೋಲಾರದ ಗಣಿಗೆ ಇಳಿದು ಮ್ಯೂಆನುಗಳನ್ನು ಎಣಿಸತೊಡಗಿದರು. ಶ್ರೀಕಂಠನ್ ನಮ್ಮವರೇ, 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು, ಮುಂದೆ ಅದೇ ಟಾಟಾ ಸಂಸ್ಥೆಯ ನಿರ್ದೇಶಕರಾದವರು.

ಒಂದೊಂದು ಮಟ್ಟಕ್ಕೆ ಇಳಿದಂತೆಲ್ಲ ಎಣಿಕೆ ಕಡಿಮೆಯಾಗುತ್ತ ಹೋಯಿತು. 1960ರ ಬಳಿಕ ಇನ್ನೂ ಕೆಳಗೆ ನಡೆದ ಅಳತೆಯಲ್ಲಿ, ಅತಿ ಆಳದ ಮಟ್ಟದಲ್ಲಿ ಉಪಕರಣವಿಟ್ಟು ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಕೂಡ ಬರಲಿಲ್ಲ. ಸಾಮಾನ್ಯರಿಗೆ ಇದು ನಿರಾಶೆಯ ಸಂಗತಿ. ವಿಜ್ಞಾನಿಗಳಿಗೆ ಇದೇ ಶುಭವಾರ್ತೆಯಾಯಿತು. ಗದ್ದಲ ಪೂರ್ಣವಾಗಿ ಅಡಗಿದೆ. ಇನ್ನು ಇಲ್ಲಿ ಏನಾದರೂ ಸದ್ದು ಕೇಳಿಸಿದರೆ ಅದು ನ್ಯೂಟ್ರಿನೋವಿನದೇ ಇರಬೇಕು ಎಂದು ಅವರು ತರ್ಕಿಸಿದರು.

ಟಾಟಾ ಸಂಸ್ಥೆ, ಜಪಾನಿನ ಒಸಾಕ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾನಿಲಯ, ಈ ಮೂರೂ ಸೇರಿ 2.3 ಕಿಲೋಮೀಟರ್ ಆಳದಲ್ಲಿ ಪ್ರಯೋಗವನ್ನು ಹೂಡಿದವು. ನಮ್ಮ ಕಡೆಯ ಎತ್ತರದ ತೆಂಗಿನ ಮರಗಳನ್ನು ನೂರಕ್ಕೂ ಹೆಚ್ಚು ಒಂದರ ಮೇಲೊಂದು ನಿಲ್ಲಿಸಿದರೆ ಆಗುವ ಆಳ ಅದು. ಉಪಕರಣದ ರಚನೆ ಸರಳವೂ ಜಾಣತನದ್ದೂ ಆಗಿತ್ತು. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಫಲಕಗಳನ್ನು ಗೋಡೆಗಳಂತೆ ಎದುರುಬದುರಾಗಿ ನಿಲ್ಲಿಸಿದರು. ನಡುವೆ ಸೀಸದ ತಗಡುಗಳನ್ನೂ, ಕಣದ ಜಾಡಿನಲ್ಲಿ ಬೆಳಗುವ ನಿಯಾನ್ ನಳಿಗೆಗಳನ್ನೂ ಜೋಡಿಸಿದರು. ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದುದಕ್ಕೆ ಕಾರಣವಿದೆ. ಮೇಲಿನಿಂದ ತಪ್ಪಿ ಬಂದ ಮ್ಯೂಆನ್ ಹೆಚ್ಚುಕಡಿಮೆ ನೇರವಾಗಿ ಕೆಳಕ್ಕೆ ಬೀಳುತ್ತದೆ. ಅಡ್ಡಲಾಗಿ ಬರಬೇಕಾದರೆ ಅದು ಮೈಲಿಗಟ್ಟಲೆ ಬಂಡೆಯನ್ನು ದಾಟಬೇಕು, ಅದು ಅಸಾಧ್ಯ. ಆದ್ದರಿಂದ ಅಡ್ಡಲಾಗಿ ಬಂದ ಮ್ಯೂಆನ್ ಪಕ್ಕದ ಬಂಡೆಯಲ್ಲೇ ನ್ಯೂಟ್ರಿನೋ ಒಂದರ ಬಡಿತದಿಂದ ಹುಟ್ಟಿದುದೆಂದು ತಿಳಿಯಬೇಕು. ನ್ಯೂಟ್ರಿನೋವನ್ನು ಯಾರೂ ಕಾಣಲಿಲ್ಲ. ಅಲುಗಾಡಿದ ಕಾಯಿಯ ಸದ್ದನ್ನು ಕೇಳಿದರು.

1965ರಲ್ಲಿ ಅಂಥ ಸದ್ದು ಕೇಳಿಸಿತು. ಗಾಳಿಯಲ್ಲಿ ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೋಗಳ ಗುರುತು ದೊರೆತ ವರದಿ ಅದೇ ವರ್ಷದ ಆಗಸ್ಟಿನಲ್ಲಿ ಅಚ್ಚಾಯಿತು. ಎಂ. ಜಿ. ಕೆ. ಮೆನನ್, ಶ್ರೀಕಂಠನ್, ವಿ. ಎಸ್. ನರಸಿಂಹಂ, ಪಿ. ವಿ. ರಮಣಮೂರ್ತಿ, ಸಿ. ವಿ. ಆಚಾರ್, ಜಪಾನಿನ ಮಿಯಾಕೆ, ಇಂಗ್ಲೆಂಡಿನ ವುಲ್ಫೆಂಡೇಲ್ ಮೊದಲಾದವರ ಹೆಸರುಗಳು ಅದರಲ್ಲಿವೆ. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ರೈನ್ಸ್ ಅವರ ತಂಡ ಇದೇ ಬೇಟೆಯಲ್ಲಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಮೊದಲ ಗುರುತು ಸಿಕ್ಕಿದುದು ಅವರಿಗೆ, 1965ರ ಫೆಬ್ರವರಿಯಲ್ಲಿ. ವರದಿ ಮೊದಲು ಅಚ್ಚಾದುದು ಕೋಲಾರದ್ದು, ಕೆಲವೇ ದಿನಗಳ ಅಂತರದಲ್ಲಿ. ಈ ಇಬ್ಬರಿಗೂ ಸಮನಾದ ಗೌರವ ಸಲ್ಲಬೇಕು. ಆದರೆ ನಮ್ಮ ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಕೋಲಾರದ ಈ ಹೆಸರು ಗೊತ್ತು? ಕೋಲಾರವೆಂದರೆ ಚಿನ್ನ ಎಂದು ಬಾಯಿಪಾಠ ಮಾಡಿಸುತ್ತೇವೆ. ಅಷ್ಟಕ್ಕೆ ಪಾಠ ಮುಗಿಯುತ್ತದೆ.

*

ಇಲ್ಲಿಂದ ದೂರಿನ ಮಾತು ಆರಂಭವಾಗುತ್ತದೆ. ಕೋಲಾರದಲ್ಲಿ ಕೆಲಸ 1965ಕ್ಕೇ ನಿಲ್ಲಲಿಲ್ಲ. 1980ರ ಸುಮಾರಿಗೆ, ಪ್ರೋಟಾನ್ ಎಂದಾದರೂ ಸಾಯುವುದೇ ಎಂಬ ಪ್ರಶ್ನೆಯನ್ನು ಹಿಡಿದು 140 ಟನ್ ಕಬ್ಬಿಣದ ಉಪಕರಣವನ್ನು ಅಲ್ಲಿ ಕಟ್ಟಿದರು. ಆಮೇಲೆ ಇನ್ನೂ ದೊಡ್ಡದೊಂದನ್ನು ಕಟ್ಟಿದರು. ಆದರೆ ಚಿನ್ನದ ಇಳುವರಿ ಕುಗ್ಗುತ್ತಿತ್ತು. ಆಳದ ಮಟ್ಟಗಳನ್ನು ಗಣಿಯವರು ಒಂದೊಂದಾಗಿ ಬಿಟ್ಟುಕೊಟ್ಟರು. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯನ್ನೇ ಮುಚ್ಚಿದರು. ಪಂಪುಗಳು ನಿಂತವು, ನೀರು ಏರಿತು. ನ್ಯೂಟ್ರಿನೋವಿನ ಸದ್ದು ಕೇಳಿದ ಆ ಕೋಣೆ ಇಂದು ನೀರಿನಡಿಯಲ್ಲಿದೆ. ಗಣಿ ಕಾಲೊನಿಯ ಮಕ್ಕಳು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ.

ಇದೇ ಅವಧಿಯಲ್ಲಿ ಹೊರದೇಶಗಳಲ್ಲಿ ಏನಾಯಿತೆಂಬುದನ್ನು ನೋಡಿರಿ. ಜಪಾನಿನ ಕಮಿಯೋಕ ಒಂದು ಸತುವಿನ ಗಣಿ. ಅಲ್ಲಿಯೂ ಪ್ರೋಟಾನಿನ ಸಾವನ್ನು ಹುಡುಕಲೆಂದೇ 1983ರಲ್ಲಿ ದೊಡ್ಡ ನೀರಿನ ತೊಟ್ಟಿಯೊಂದನ್ನು ಕಟ್ಟಿದರು. ಪ್ರೋಟಾನ್ ಸಾಯಲಿಲ್ಲ. ಆದರೆ 1987ರ ಫೆಬ್ರವರಿಯಲ್ಲಿ ದೂರದ ನಕ್ಷತ್ರವೊಂದು ಸಿಡಿದಾಗ ಅದರಿಂದ ಹೊರಟ ನ್ಯೂಟ್ರಿನೋಗಳಲ್ಲಿ ಹನ್ನೊಂದು ಆ ತೊಟ್ಟಿಯಲ್ಲಿ ಸದ್ದು ಮಾಡಿದವು. ಕಾದು ಕುಳಿತವರಿಗೆ ಹುಡುಕದ ವಸ್ತುವೇ ದೊರೆಯಿತು. ಮುಂದೆ ಅಲ್ಲೇ 50,000 ಟನ್ ನೀರಿನ ತೊಟ್ಟಿ ಎದ್ದಿತು. ಗಾಳಿಯಲ್ಲಿ ಹುಟ್ಟುವ ನ್ಯೂಟ್ರಿನೋಗಳು, ಎಂದರೆ ಕೋಲಾರದಲ್ಲಿ ಕೇಳಿಸಿದ ಅದೇ ಪ್ರವಾಹ, ಭೂಮಿಯನ್ನು ದಾಟಿ ಬರುವಷ್ಟರಲ್ಲಿ ಒಂದು ಜಾತಿಯಿಂದ ಇನ್ನೊಂದು ಜಾತಿಗೆ ಬದಲಾಗುತ್ತವೆ ಎಂದು 1998ರಲ್ಲಿ ಅಲ್ಲಿ ತೋರಿಸಿದರು. ಹೀಗೆ ಬದಲಾಗಬೇಕಾದರೆ ನ್ಯೂಟ್ರಿನೋಗೆ ದ್ರವ್ಯರಾಶಿ ಇರಲೇಬೇಕು. ಕೆನಡದ ನಿಕಲ್ ಗಣಿಯೊಂದರಲ್ಲಿ ನಡೆದ ಪ್ರಯೋಗ ಸೂರ್ಯನ ನ್ಯೂಟ್ರಿನೋಗಳ ವಿಷಯದಲ್ಲಿಯೂ ಇದನ್ನೇ ಸ್ಥಾಪಿಸಿತು. 2015ರ ನೊಬೆಲ್ ಬಹುಮಾನ ಈ ಎರಡು ಕೆಲಸಗಳಿಗೆ ಸಂದಿತು. ಕಮಿಯೋಕದ ಗಣಿಗಾರಿಕೆಯೂ 2001ರಲ್ಲಿಯೇ ನಿಂತಿತು. ಆದರೆ ಅಲ್ಲಿನ ಆಳವನ್ನು ಅವರು ಕೈಬಿಡಲಿಲ್ಲ.

ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯ ಕಥೆ ಇನ್ನೂ ಪಾಠ ಕಲಿಸುವಂಥದು. 1960ರ ದಶಕದ ಕೊನೆಯಿಂದ ರೇಮಂಡ್ ಡೇವಿಸ್ ಅಲ್ಲಿ ಸೂರ್ಯನ ನ್ಯೂಟ್ರಿನೋಗಳನ್ನು ಎಣಿಸಿ, ಬರಬೇಕಾದುದರ ಮೂರನೆಯ ಒಂದು ಭಾಗ ಮಾತ್ರ ಬರುತ್ತಿದೆಯೆಂದು ಮೂವತ್ತು ವರ್ಷ ಹಟ ಹಿಡಿದು ಹೇಳಿದರು. ಅವರೇ ತಪ್ಪೆಂದವರು ಎಷ್ಟೋ ಮಂದಿ. 2002ರಲ್ಲಿ ಅವರಿಗೆ ನೊಬೆಲ್ ದೊರೆಯಿತು. ಆ ಗಣಿಯೂ ಮುಚ್ಚಿತು. 2003ರಲ್ಲಿ ಪಂಪು ನಿಲ್ಲಿಸಿದಾಗ ಅದರಲ್ಲಿಯೂ ನೀರು ತುಂಬಿತು. ಆದರೆ ಅಲ್ಲಿನ ಜನ ಎಚ್ಚತ್ತರು. ಸರ್ಕಾರ ಗಣಿಯನ್ನು ವಹಿಸಿಕೊಂಡು ನೀರನ್ನು ಮೇಲೆತ್ತಿಸಿ ಪ್ರಯೋಗಶಾಲೆಯನ್ನು ಕಟ್ಟಿತು. ನ್ಯೂಟ್ರಿನೋವಿನ ಮುಂದಿನ ಮಹಾ ಪ್ರಯೋಗಕ್ಕೆ ಅಲ್ಲಿ ದೊಡ್ಡ ಗುಹೆಗಳು ಸಿದ್ಧವಾಗಿವೆ. ಒಂದು ಗಣಿ ಮುಳುಗಿ ಎದ್ದಿತು, ಇನ್ನೊಂದು ಮುಳುಗಿಯೇ ಉಳಿಯಿತು. ಚಿನ್ನ ಮುಗಿದ ಮೇಲೂ ಆಳ ಆಸ್ತಿಯೇ ಎಂಬುದನ್ನು ಅವರು ಬೇಗ ಕಂಡುಕೊಂಡರು.

*

ಕೋಲಾರವನ್ನು ಬಿಟ್ಟ ಮೇಲೆ ನಮ್ಮವರು ಹೊಸ ಆಳವನ್ನು ಹುಡುಕಿದರು. ಮೊದಲು ಆರಿಸಿದ ನೀಲಗಿರಿಯ ಜಾಗ ವನ್ಯಮೃಗಗಳ ಕಾರಣದಿಂದ 2009ರಲ್ಲಿ ಕೈತಪ್ಪಿತು. ಅನಂತರ ತಮಿಳುನಾಡಿನ ತೇಣಿ ಜಿಲ್ಲೆಯ ಪೊಟ್ಟಿಪುರದ ಬೆಟ್ಟವನ್ನು ಆರಿಸಿ, ಬೆಟ್ಟದೊಳಕ್ಕೆ ಸುಮಾರು ಎರಡು ಕಿಲೋಮೀಟರ್ ಸುರಂಗ ಕೊರೆದು 50,000 ಟನ್ ಕಬ್ಬಿಣದ ಅಯಸ್ಕಾಂತ ಉಪಕರಣವನ್ನು ಇಡಬೇಕೆಂದು ಯೋಜಿಸಿದರು. 2015ರ ಆರಂಭಕ್ಕೆ ಕೇಂದ್ರ ಸರ್ಕಾರದ ಮಂಜೂರಾತಿಯೂ ದೊರೆಯಿತು. ವೆಚ್ಚ 1,500 ಕೋಟಿ ರೂಪಾಯಿಗಳ ಮೇಲೆ. ಆದರೆ ಊರಿನವರು ವಿರೋಧಿಸಿದರು. ವ್ಯಾಜ್ಯಗಳು ನಡೆದವು. 2022ರಲ್ಲಿ ತಮಿಳುನಾಡು ಸರ್ಕಾರವೇ ಸುಪ್ರೀಂ ಕೋರ್ಟಿನ ಮುಂದೆ ತನ್ನ ಅಸಮ್ಮತಿಯನ್ನು ಹೇಳಿತು. ಇತ್ತ ಚೀನ ದೇಶ 20,000 ಟನ್ ಮಿನುಗುದ್ರವದ ನ್ಯೂಟ್ರಿನೋ ಶಾಲೆಯನ್ನು ನೆಲದಡಿಯಲ್ಲಿ ಕಟ್ಟಿ 2025ರಲ್ಲಿ ಕೆಲಸವನ್ನೂ ಆರಂಭಿಸಿತು.

ಈ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರನ್ನು ಕಂಡಿದ್ದೇನೆ. ಅವರ ಮಾತನ್ನು ಒಪ್ಪಲಾರೆ. ಚಿಕ್ಕನಾಯಕನಹಳ್ಳಿಯ ಕಡೆಯವನಾದ ನನಗೆ ಗಣಿಯೆಂದರೆ ಏನೆಂಬುದು ಗೊತ್ತು. ಕಬ್ಬಿಣದ ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ವರ್ಷಗಳಲ್ಲಿ ರಸ್ತೆಯ ಬದಿಯ ತೆಂಗಿನ ಗರಿಗಳ ಮೇಲೆ ಕೆಂಪು ಧೂಳು ಕೂತುದನ್ನು ಕಣ್ಣಾರೆ ನೋಡಿದ್ದೇನೆ. 2011ರಲ್ಲಿ ಸುಪ್ರೀಂ ಕೋರ್ಟು ತುಮಕೂರು ಜಿಲ್ಲೆಯ ಗಣಿಗಳನ್ನು ನಿಲ್ಲಿಸಿದಾಗಲೇ ಆ ಧೂಳು ಅಡಗಿತು. ಬೆಟ್ಟದಲ್ಲಿ ಸಿಡಿಮದ್ದು ಸಿಡಿದರೆ ತಮ್ಮ ಬಾವಿಯ ಗತಿ ಏನು ಎಂದು ಕೇಳುವ ರೈತ ವಿಜ್ಞಾನದ ಶತ್ರುವಲ್ಲ. ನ್ಯೂಟ್ರಿನೋದಿಂದ ಕೇಡಿಲ್ಲವೆಂದು ಸಾರುವುದು ಸುಲಭ, ಅದು ಸತ್ಯವೂ ಹೌದು. ಎಳನೀರಿನ ಲೆಕ್ಕವೊಂದೇ ಅದಕ್ಕೆ ಸಾಕು. ಆದರೆ ಊರಿನವರ ಭಯ ಕಣದ ವಿಷಯದ್ದಷ್ಟೇ ಆಗಿರಲಿಲ್ಲ; ಸಿಡಿಮದ್ದು, ಕಲ್ಲುಪುಡಿ, ನೀರು, ಗೋಮಾಳ, ಇವುಗಳ ವಿಷಯದ್ದೂ ಆಗಿತ್ತು. ಅದಕ್ಕೆ ಉತ್ತರ ಭೌತವಿಜ್ಞಾನದ ಪುಸ್ತಕದಲ್ಲಿಲ್ಲ. ಊರಿನ ಭಾಷೆಯಲ್ಲಿ, ಊರಿನ ಜಗಲಿಯ ಮೇಲೆ, ಮೊದಲ ಗುದ್ದಲಿ ಬೀಳುವುದಕ್ಕೆ ಮುಂಚೆ ಲೆಕ್ಕ ಒಪ್ಪಿಸುವುದೇ ಅದಕ್ಕೆ ಉತ್ತರ.

ಇಲ್ಲಿಯೇ ಕೋಲಾರದ ನಷ್ಟ ಇನ್ನಷ್ಟು ನೋಯಿಸುತ್ತದೆ. ಅಲ್ಲಿ ಹೊಸದಾಗಿ ಯಾವ ಬೆಟ್ಟವನ್ನೂ ಒಡೆಯಬೇಕಾಗಿರಲಿಲ್ಲ, ಯಾರ ಬಾವಿಯನ್ನೂ ಕೆಣಕಬೇಕಾಗಿರಲಿಲ್ಲ. ಆಳ ಇತ್ತು, ಇಳಿದು ಹತ್ತಿ ಬಲ್ಲ ಕೆಲಸಗಾರರಿದ್ದರು, ನಲವತ್ತು ವರ್ಷಗಳ ಅನುಭವವಿತ್ತು. ಗಣಿಯ ಲೆಕ್ಕಪುಸ್ತಕದಲ್ಲಿ ಚಿನ್ನದ ಅಂಕಣವಿತ್ತು, ಆಳಕ್ಕೆ ಅಂಕಣವಿರಲಿಲ್ಲ. ಆದ್ದರಿಂದ ಚಿನ್ನ ಮುಗಿದಾಗ ಎಲ್ಲವೂ ಮುಗಿದಂತೆ ಬಾಗಿಲು ಹಾಕಿದೆವು. ಪಂಪು ನಡೆಸಲು ಹಣ ಬೇಕಾಗುತ್ತಿತ್ತು, ಬಂಡೆಸಿಡಿತದ ಅಪಾಯವೂ ಇತ್ತು, ನಿಜ. ಆದರೆ ಹೊಸ ಸುರಂಗಕ್ಕೆಂದು ನೂರಾರು ಕೋಟಿ ತೆಗೆದಿಟ್ಟವರಿಗೆ ಹಳೆಯ ಆಳದ ಒಂದು ಮಟ್ಟವನ್ನಾದರೂ ಉಳಿಸಿಕೊಳ್ಳುವ ಯೋಚನೆ ಸಕಾಲದಲ್ಲಿ ಬರಬೇಕಾಗಿತ್ತು.

*

ಈಗ ಹಿರಿಯರ ಪ್ರಶ್ನೆಗೆ ಬರೋಣ. ಹಿಡಿದು ಏನು ಮಾಡುತ್ತಾರೆ? ನಾಳೆಯೇ ಕೊಬ್ಬರಿಯ ಬೆಲೆ ಏರುತ್ತದೆ, ಮನೆಗೆ ಕರೆಂಟು ಬರುತ್ತದೆ ಎಂದು ಸುಳ್ಳು ಆಸೆ ಹುಟ್ಟಿಸುವುದು ವಿಜ್ಞಾನಕ್ಕೆ ದ್ರೋಹ. ಗೊತ್ತಿರುವ ಪ್ರಯೋಜನಗಳು ಕೆಲವಿವೆ. ಭೂಗರ್ಭದ ಯುರೇನಿಯಂ, ಥೋರಿಯಂಗಳಿಂದ ಹೊರಡುವ ನ್ಯೂಟ್ರಿನೋಗಳನ್ನು 2005ರಲ್ಲಿ ಜಪಾನಿನಲ್ಲಿ ಗುರುತಿಸಿದರು; ಭೂಮಿಯ ಒಳಬಿಸಿಯ ಲೆಕ್ಕಕ್ಕೆ ಅದು ನೆರವಾಗುತ್ತಿದೆ. ಪರಮಾಣು ಸ್ಥಾವರದೊಳಗೆ ಏನು ಉರಿಯುತ್ತಿದೆಯೆಂಬುದನ್ನು ಗೋಡೆಯ ಹೊರಗೆ ನಿಂತೇ ಅರಿಯಲು ನ್ಯೂಟ್ರಿನೋಗಳು ಸಹಾಯಕವಾಗಬಲ್ಲವು. ಸೂರ್ಯನ ಹೃದಯದಲ್ಲಿ ನಡೆಯುವ ಉರಿಯನ್ನು ಬೆಳಕು ತಿಳಿಸಲಾರದು. ನ್ಯೂಟ್ರಿನೋ ಎಂಟು ನಿಮಿಷದಲ್ಲಿ ಸುದ್ದಿ ತರುತ್ತದೆ. ಉಳಿದುದು ಇನ್ನೂ ಅಟ್ಟದ ಮೇಲಿದೆ. ಅಟ್ಟಕ್ಕೆ ಏರಿಸಿದ ಕಾಯನ್ನು ಮಾರನೆಯ ದಿನವೇ ಇಳಿಸಿ, ಕೊಬ್ಬರಿಯೆಲ್ಲಿ ಎಂದು ಕೇಳುವ ರೈತ ನಮ್ಮ ಸೀಮೆಯಲ್ಲಿಲ್ಲ. ತನ್ನ ಮೊಮ್ಮಕ್ಕಳಿಗಾಗಿ ಸಸಿ ನೆಡುವವನಿಗೆ ಕಾಯುವುದು ಎಂದರೇನೆಂದು ಕಲಿಸಬೇಕಾದುದಿಲ್ಲ. ವಿಜ್ಞಾನಕ್ಕೂ ಅವನು ಅದೇ ಅವಕಾಶವನ್ನು ಕೊಟ್ಟಾನು. ಆದರೆ ತೋಟ ಯಾರದು, ನೀರು ಯಾರದು ಎಂಬುದನ್ನು ಮರೆಯದೆ ಕೇಳಬೇಕು.

ಆದ್ದರಿಂದ ನನ್ನ ಬಿನ್ನಹಗಳು ಮೂರು. ಒಂದು, ಯಾವ ಆಳವಾದ ಗಣಿಯನ್ನೇ ಆಗಲಿ ಮುಚ್ಚುವ ಮುನ್ನ, ಪಂಪು ನಿಲ್ಲಿಸುವ ಮುನ್ನ, ಅದರ ಆಳ ವಿಜ್ಞಾನಕ್ಕೆ ಬೇಕೇ ಎಂದು ಬಹಿರಂಗವಾಗಿ ಕೇಳುವ ಕಟ್ಟುಪಾಡು ಇರಬೇಕು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿದ್ದಾರೆ. ಅಲ್ಲಿ ಚಿನ್ನ ಮುಗಿಯುವ ದಿನಕ್ಕಾಗಿ ಕಾಯದೆ ಈಗಲೇ ಈ ಮಾತು ನಡೆಯಲಿ. ಎರಡು, ಕೋಲಾರದ ಆಳದಲ್ಲಿ ಒಂದು ಭಾಗವನ್ನಾದರೂ ಮರಳಿ ಪಡೆಯಬಹುದೇ ಎಂಬುದನ್ನು ಗಣಿ ಎಂಜಿನಿಯರುಗಳು ಪರೀಕ್ಷಿಸಿ ನಾಡಿಗೆ ತಿಳಿಸಲಿ. ಸಾಧ್ಯವಿಲ್ಲವೆಂದಾದರೆ ಕಾರಣಸಹಿತ ಹೇಳಲಿ. ಅದೂ ಒಂದು ಅರಿವೇ. ಮೂರು, ಕೋಲಾರದ ನ್ಯೂಟ್ರಿನೋ ಕಥೆ ಕನ್ನಡ ಶಾಲೆಯ ಪಾಠವಾಗಲಿ. ಅದರಲ್ಲಿ ಶ್ರೀಕಂಠನ್ ಮತ್ತು ಮೆನನ್ ಅವರ ಹೆಸರುಗಳ ಜೊತೆಗೆ ಹೆಸರಿಲ್ಲದ ಆ ಗಣಿ ಕೂಲಿಗಾರರಿಗೂ ಒಂದು ಸಾಲು ಇರಲಿ.

ಹಿಂದಿನವರು ಕಟ್ಟಿಸಿದ ಕೆರೆಯನ್ನು ಒಡೆಯಲು ಬಿಟ್ಟವನನ್ನು ನಮ್ಮ ಊರುಗಳಲ್ಲಿ ಕ್ಷಮಿಸುವುದಿಲ್ಲ. ಕೆರೆ ಕಟ್ಟಿದವರು ಮಣ್ಣು ಹೊತ್ತರು. ಕೋಲಾರದವರು ಕಲ್ಲು ಒಡೆದರು. ನೀರು ನಿಲ್ಲಬೇಕಾದ ಕೆರೆ ಬತ್ತಿದರೂ, ಒಣಗಿರಬೇಕಾದ ಗಣಿಯಲ್ಲಿ ನೀರು ನಿಂತರೂ ನಷ್ಟ ಒಂದೇ. ಹಿರಿಯರಿಗೆ ಇಷ್ಟನ್ನೂ ಹೇಳಿ ಮುಗಿಸಿದಾಗ ಅವರು ಕೈಯಲ್ಲಿದ್ದ ಕಾಯನ್ನು ಕಿವಿಯ ಬಳಿ ಅಲುಗಾಡಿಸಿ, “ಇನ್ನೂ ಎರಡು ತಿಂಗಳು ಬೇಕು” ಎಂದು ಮತ್ತೆ ಅಟ್ಟಕ್ಕೆ ಏರಿಸಿದರು.